ಕೊಡಗನ್ನು ಮೇಲಿಂದ ನೋಡಬೇಕಾದರೆ ಯಾವ ಕಿಟಕಿ?

ಕೊಡಗಿಗೆ ರೈಲು ಇಲ್ಲ, ವಿಮಾನ ನಿಲ್ದಾಣವೂ ಇಲ್ಲ. ವಿಮಾನ ಹತ್ತಬೇಕಾದರೆ ನಾವು ಒಂದೋ ಘಾಟಿ ಇಳಿಯಬೇಕು, ಇಲ್ಲವೇ ಮೈಸೂರಿನ ಕಡೆ ಹೋಗಬೇಕು. ಮಡಿಕೇರಿ, ಸೋಮವಾರಪೇಟೆ ಕಡೆಯವರಿಗೆ ಮಂಗಳೂರು ಅಥವಾ ಬೆಂಗಳೂರು. ವಿರಾಜಪೇಟೆ, ಗೋಣಿಕೊಪ್ಪ ಕಡೆಯವರಿಗೆ 2018ರ ಡಿಸೆಂಬರ್ 9ರಂದು ಇನ್ನೊಂದು ದಾರಿ ತೆರೆಯಿತು. ಅಂದು ಕಣ್ಣೂರು ವಿಮಾನ ನಿಲ್ದಾಣ ಶುರುವಾಯಿತು. ಪೆರುಂಬಾಡಿ, ಮಾಕುಟ್ಟ, ಇರಿಟ್ಟಿ ದಾಟಿ ಮಟ್ಟನ್ನೂರಿಗೆ ಹೋದರೆ ಆಯಿತು. ವಿರಾಜಪೇಟೆಯಿಂದ ಸುಮಾರು 60 ಕಿ.ಮೀ. ಅಷ್ಟೇ.

ಹಾಗಾಗಿ ಮೊದಲ ಸಲ ವಿಮಾನ ಹತ್ತುವವರು ಈಗ ಮನೆಮನೆಯಲ್ಲೂ ಇದ್ದಾರೆ. ಟಿಕೆಟ್ ಮಾಡುವಾಗ ಫೋನಿನಲ್ಲಿ ಸೀಟುಗಳ ಚಿತ್ರ ಬರುತ್ತದೆ. ಸಾಲುಸಾಲು ಚೌಕ, ಕೆಲವಕ್ಕೆ ಬೇರೆಬೇರೆ ರೇಟು. ಕಿಟಕಿ ಬೇಕು ಅಂತ ಎಲ್ಲರಿಗೂ ಗೊತ್ತು. ಆದರೆ ಯಾವ ಕಿಟಕಿ? ಎಡದ್ದಾ, ಬಲದ್ದಾ? ಮುಂದಿನದ್ದಾ, ಹಿಂದಿನದ್ದಾ? ಸುಮ್ನೆ ಒಂದನ್ನು ಒತ್ತಿ ಕೂತರೆ ಒಂದು ಗಂಟೆ ರೆಕ್ಕೆಯನ್ನೇ ನೋಡಿಕೊಂಡು ಬರಬೇಕಾಗಬಹುದು. ಇದರಲ್ಲಿ ಅದೃಷ್ಟಕ್ಕಿಂತ ದಿಕ್ಕಿನ ಲೆಕ್ಕ ಜಾಸ್ತಿ ಕೆಲಸ ಮಾಡುತ್ತದೆ. ಆ ಲೆಕ್ಕ ಕಷ್ಟದ್ದೇನಲ್ಲ.

ಎ ಅಂದರೆ ಎಡ

ಸೀಟಿನ ನಂಬರಿನಲ್ಲಿ ಎರಡು ಭಾಗ ಇರುತ್ತದೆ. ಅಂಕೆ ಸಾಲನ್ನು ಹೇಳುತ್ತದೆ, ಅಕ್ಷರ ಆ ಸಾಲಿನಲ್ಲಿ ಎಲ್ಲಿ ಅನ್ನುವುದನ್ನು. ಸಾಲುಗಳ ಎಣಿಕೆ ಮುಂದಿನಿಂದ ಹಿಂದಕ್ಕೆ. ವಿಮಾನದ ಮೂತಿಯ ಕಡೆ ಮುಖ ಮಾಡಿ ಕೂತರೆ ಎಡ ಕಿಟಕಿ ಯಾವಾಗಲೂ ಎ. ನಮ್ಮ ದೇಶದೊಳಗೆ ಹೆಚ್ಚಾಗಿ ಓಡುವ ಏರ್‌ಬಸ್ 320, ಬೋಯಿಂಗ್ 737 ವಿಮಾನಗಳಲ್ಲಿ ಎಡಕ್ಕೆ ಮೂರು, ಬಲಕ್ಕೆ ಮೂರು ಸೀಟು. ಹಾಗಾಗಿ ಬಲ ಕಿಟಕಿ ಎಫ್. ದೊಡ್ಡ ವಿಮಾನಗಳಲ್ಲಿ ಬಲ ಕಿಟಕಿಯ ಅಕ್ಷರ ಬದಲಾಗುತ್ತದೆ, ಹಲವು ಕಡೆ ಅದು ಕೆ. ಎ ಮಾತ್ರ ಬದಲಾಗುವುದಿಲ್ಲ. ಅದೊಂದನ್ನು ನೆನಪಿಟ್ಟುಕೊಂಡರೆ ಸಾಕು.

ಭೂಪಟದ ಮೇಲೆ ಒಂದು ಗೆರೆ

ಹೊರಡುವ ಊರು ಮತ್ತು ಇಳಿಯುವ ಊರು, ಇವೆರಡನ್ನೂ ಭೂಪಟದಲ್ಲಿ ಒಂದು ನೇರ ಗೆರೆಯಿಂದ ಸೇರಿಸಿ. ಹೊರಡುವ ಊರಿನಲ್ಲಿ ನಿಂತು ಇಳಿಯುವ ಊರಿನ ಕಡೆ ಮುಖ ಮಾಡಿದ್ದೀರಿ ಅಂದುಕೊಳ್ಳಿ. ಈಗ ನೀವು ನೋಡಬೇಕಾದ ಬೆಟ್ಟ ಯಾವ ಕೈಯ ಕಡೆ ಇದೆ? ನಿಮ್ಮ ಕಿಟಕಿ ಆ ಕಡೆಯದು. ಮುಕ್ಕಾಲು ಕೆಲಸ ಇಷ್ಟರಲ್ಲೇ ಮುಗಿಯಿತು.

ಬೆಂಗಳೂರಿನಿಂದ ಕಣ್ಣೂರಿಗೆ ಹೀಗೆ ಗೆರೆ ಎಳೆದರೆ ಅದು ನೈಋತ್ಯಕ್ಕೆ ಓಡುತ್ತದೆ. ಉದ್ದ ಸುಮಾರು 275 ಕಿ.ಮೀ. ದೇವನಹಳ್ಳಿ ಬಿಟ್ಟು ಮಾಗಡಿ ಹತ್ತಿರ ಹಾದು, ಮಂಡ್ಯವನ್ನು ಎಡಕ್ಕೆ, ನಾಗಮಂಗಲವನ್ನು ಬಲಕ್ಕೆ ಬಿಟ್ಟು, ಹುಣಸೂರಿನ ಮೇಲೆ ಹೋಗುತ್ತದೆ. ಅಲ್ಲಿಂದ ತಿತಿಮತಿ, ಗೋಣಿಕೊಪ್ಪದ ಆಸುಪಾಸಿನಲ್ಲಿ ದಕ್ಷಿಣ ಕೊಡಗನ್ನು ದಾಟಿ ಮಾಕುಟ್ಟದ ಕಾಡಿನ ಮೇಲೆ ಕೇರಳಕ್ಕೆ ಇಳಿಯುತ್ತದೆ. ಅಂದರೆ ಈ ಗೆರೆ ಬಿದ್ದಿರುವುದೇ ಕೊಡಗಿನ ಮೇಲೆ.

ಬಲಕ್ಕೆ ಕೂತವರ ಪಾಲಿಗೆ ಪಿರಿಯಾಪಟ್ಟಣ, ಹಾರಂಗಿಯ ಹಿನ್ನೀರು, ಮಡಿಕೇರಿಯ ಗುಡ್ಡಗಳು. ಕೊನೆಗೆ ತಡಿಯಂಡಮೋಳ್ ಸಾಲು. ಎಡಕ್ಕೆ ಕೂತವರಿಗೆ ಮೊದಲು ಕೆಆರ್‌ಎಸ್‌ನ ನೀರು, ಅದರಾಚೆ ಮೈಸೂರು, ಆಮೇಲೆ ನಾಗರಹೊಳೆ ಕಾಡು, ಕಬಿನಿ ಹಿನ್ನೀರು, ಬ್ರಹ್ಮಗಿರಿ, ವಯನಾಡಿನ ಬೆಟ್ಟಗಳು. ನಮ್ಮೂರು ನೋಡಬೇಕು ಅನ್ನುವವರಿಗೆ ನಾನು ಬಲ ಅಂತಲೇ ಹೇಳುತ್ತೇನೆ, ಅಂದರೆ ಎಫ್. ನೀರು, ಕಾಡು ನೋಡುವ ಆಸೆ ಇದ್ದರೆ ಎಡವೂ ಕಡಿಮೆಯದೇನಲ್ಲ.

ಇಲ್ಲಿ ಒಂದು ಎಚ್ಚರಿಕೆ. ವಿಮಾನ ಗೆರೆ ಹಿಡಿದುಕೊಂಡೇ ಹಾರುವುದಿಲ್ಲ. ಅದಕ್ಕೆ ಆಕಾಶದಲ್ಲಿ ಗೊತ್ತುಮಾಡಿದ ದಾರಿಗಳಿವೆ. ಎದುರಿಗೆ ಮಳೆಮೋಡ ಇದ್ದರೆ ಸುತ್ತಿಕೊಂಡು ಹೋಗುತ್ತದೆ. ಕೆಳಗಿನ ನಿಯಂತ್ರಣ ಕೊಠಡಿಯವರು ಆಚೆ ಈಚೆ ತಿರುಗಲು ಹೇಳುತ್ತಾರೆ. ಹತ್ತಿಪ್ಪತ್ತು ಕಿ.ಮೀ. ಅತ್ತಿತ್ತ ಆಗುವುದು ಮಾಮೂಲು. ಗೆರೆಯಿಂದ ಸಾಕಷ್ಟು ದೂರ ಇರುವ ಮಡಿಕೇರಿ, ಮೈಸೂರಿನಂಥ ಊರುಗಳ ವಿಷಯದಲ್ಲಿ ಲೆಕ್ಕ ತಪ್ಪುವುದು ಕಡಿಮೆ. ಕೆಆರ್‌ಎಸ್ ಗೆರೆಗೆ ಹತ್ತಿರ ಇರುವುದರಿಂದ ಕೆಲವೊಮ್ಮೆ ಬಲಕ್ಕೂ ಬಂದುಬಿಡಬಹುದು.

ವಾಪಸ್ ಬರುವಾಗ ಎಲ್ಲ ಉಲ್ಟಾ. ಮಡಿಕೇರಿಯಿಂದ ಸಂಪಾಜೆ ಘಾಟಿ ಇಳಿಯುವ ಬಸ್ಸಿನಲ್ಲಿ ಕಣಿವೆ ಒಂದು ಕಡೆ ಕಂಡರೆ, ಹತ್ತುವಾಗ ಅದೇ ಕಣಿವೆ ಇನ್ನೊಂದು ಕಡೆ ಕಾಣುತ್ತದಲ್ವಾ? ಹಾಗೆಯೇ ಇದೂ. ಹೋಗುವಾಗ ಎಫ್ ಹಿಡಿದವರು ಬರುವಾಗಲೂ ಅದೇ ಕಡೆ ಬೇಕೆಂದರೆ ಎ ಹಿಡಿಯಬೇಕು. ಹೋಗಿಬರುವ ಟಿಕೆಟ್ ಒಟ್ಟಿಗೆ ಮಾಡುವವರು ಎರಡಕ್ಕೂ ಒಂದೇ ಅಕ್ಷರ ಒತ್ತಿ ಬಿಡುತ್ತಾರೆ. ಎರಡೂ ಕಡೆ ನೋಡಬೇಕು ಅನ್ನುವವರಿಗೆ ಮಾತ್ರ ಅದು ಸರಿ.

ಮಂಗಳೂರಿನ ದಾರಿಯಲ್ಲಿ

ಬೆಂಗಳೂರು–ಮಂಗಳೂರು ಗೆರೆ ಹೆಚ್ಚುಕಡಿಮೆ ನೇರ ಪಶ್ಚಿಮಕ್ಕೆ ಹೋಗುತ್ತದೆ. ಕೊಡಗು ದಕ್ಷಿಣಕ್ಕೆ ಉಳಿಯುತ್ತದೆ. ಎಡಕ್ಕೆ ಹೇಮಾವತಿಯ ಹಿನ್ನೀರು, ಅದರ ಹಿಂದೆ ದೂರದಲ್ಲಿ ಪುಷ್ಪಗಿರಿ. ಬಲಕ್ಕೆ ಬಾಬಾಬುಡನ್‌ಗಿರಿ, 1,930 ಮೀಟರ್ ಎತ್ತರದ ಮುಳ್ಳಯ್ಯನಗಿರಿ, ಆಮೇಲೆ ತೀರಾ ಹತ್ತಿರದಲ್ಲೇ ಕುದುರೆಮುಖ. ಊರಿನ ಅಭಿಮಾನ ಪಕ್ಕಕ್ಕಿಟ್ಟು ಹೇಳುವುದಾದರೆ ಈ ದಾರಿಯಲ್ಲಿ ಬಲವೇ ಮೇಲು. ಪುಷ್ಪಗಿರಿ ಗೆರೆಯಿಂದ 40 ಕಿ.ಮೀ. ದೂರ ಇದೆ, ಕುದುರೆಮುಖ 15ರ ಆಸುಪಾಸು.

ಮೇಲಿಂದ ಕೊಡಗು ಹೇಗೆ ಕಾಣುತ್ತದೆ

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು. ಸರಿಯಾದ ಕಿಟಕಿಯಲ್ಲೇ ಕೂತು, ಊರಿನ ಮೇಲೆಯೇ ಹಾರಿ, ಗೊತ್ತೇ ಆಗದೆ ಇಳಿಯುವವರು ತುಂಬಾ ಜನ.

ಮೊದಲು ಹೊತ್ತಿನ ಲೆಕ್ಕ. ಎಟಿಆರ್ ಅನ್ನುವ ಸಣ್ಣ, ಪಂಖದ ವಿಮಾನ ಗಂಟೆಗೆ ಸುಮಾರು 500 ಕಿ.ಮೀ. ಓಡುತ್ತದೆ. ಕಣ್ಣೂರಿನ ದಾರಿಯಲ್ಲಿ ಕೊಡಗಿನ ಮೇಲೆ ಹಾದುಹೋಗುವ ಭಾಗ ಸುಮಾರು 50 ಕಿ.ಮೀ. ಅಂದರೆ ಆರೇ ನಿಮಿಷ. ಜೆಟ್ ಆದರೆ ಇನ್ನೂ ಬೇಗ. ಹುಣಸೂರು ದಾಟುವ ಹೊತ್ತಿಗೆ ಫೋನ್ ಕೆಳಗಿಟ್ಟು ಕಿಟಕಿಗೆ ಅಂಟಿಕೊಂಡಿರಬೇಕು.

ಎರಡನೆಯದು, ವಿಮಾನದ ಸರಿಯಾಗಿ ಕೆಳಗೆ ಇರುವುದು ಯಾವ ಕಿಟಕಿಯಿಂದಲೂ ಕಾಣುವುದಿಲ್ಲ. ಅದನ್ನು ವಿಮಾನದ ಹೊಟ್ಟೆಯೇ ಮರೆಮಾಡುತ್ತದೆ. ಗೋಣಿಕೊಪ್ಪದವರಿಗೆ ತಮ್ಮ ಬಸ್ ಸ್ಟ್ಯಾಂಡ್ ಕಾಣದೆ ಹೋಗಬಹುದು, ವಿರಾಜಪೇಟೆ ಕಂಡೀತು. ಪಕ್ಕಕ್ಕೆ ಐದರಿಂದ ಮೂವತ್ತು ಕಿ.ಮೀ. ದೂರದಲ್ಲಿ ಇರುವುದು ಚೆನ್ನಾಗಿ ಕಾಣುತ್ತದೆ. ಲೆಕ್ಕದ ಪ್ರಕಾರ 20,000 ಅಡಿ ಎತ್ತರದಿಂದ ಸುಮಾರು 280 ಕಿ.ಮೀ. ದೂರದ ದಿಗಂತ ಕಾಣಬೇಕು. ಆದರೆ ಗಾಳಿಯಲ್ಲಿರುವ ಧೂಳು, ತೇವ ಅಷ್ಟು ದೂರ ನೋಡಲು ಬಿಡುವುದಿಲ್ಲ.

ಮೂರನೆಯದು ನಮ್ಮ ತೋಟಗಳದ್ದು. ಬೇರೆ ಕಡೆಯ ಟೀ ತೋಟ ಮೇಲಿಂದ ಬಾಚಿಟ್ಟ ಹಾಗೆ ಕಾಣುತ್ತದೆ. ಕೊಡಗಿನ ಕಾಫಿ ತೋಟ ಹಾಗಲ್ಲ. ಕಾಫಿ ಗಿಡ ಇರುವುದು ನೆರಳು ಮರಗಳ ಕೆಳಗೆ. ಮೇಲಿಂದ ಕಾಣುವುದು ಮರಗಳ ತಲೆ ಮಾತ್ರ. ಹಾಗಾಗಿ ತೋಟ ಯಾವುದು, ಕಾಡು ಯಾವುದು ಅಂತ ಹೇಳುವುದು ಕಷ್ಟ. ನಾಗರಹೊಳೆಯನ್ನೇ ನೋಡಿ. ಹುಣಸೂರು, ಪಿರಿಯಾಪಟ್ಟಣ ಕಡೆ ಹೊಗೆಸೊಪ್ಪಿನ ಹೊಲ ಮುಗಿದು ಕಾಡು ಶುರುವಾಗುವ ಗಡಿ ಚಾಕುವಿನಲ್ಲಿ ಕೊಯ್ದಷ್ಟು ಸ್ಪಷ್ಟ. ಕೊಡಗಿನ ಕಡೆ ಆ ಗಡಿ ಸುಲಭಕ್ಕೆ ಕಾಣುವುದಿಲ್ಲ. ಕಾಡು ತೋಟದೊಳಕ್ಕೆ ಸೇರಿಕೊಂಡು ಬಿಟ್ಟಿರುತ್ತದೆ. ಮಾರ್ಚ್‌ನಲ್ಲಿ ಹೂಮಳೆ ಬಿದ್ದು ತೋಟವೆಲ್ಲ ಬಿಳಿಯಾದಾಗಲೂ ಮೇಲಿನವರಿಗೆ ಅದರ ಸುಳಿವು ಸಿಗುವುದು ಕಡಿಮೆ.

ಹಾಗಾದರೆ ಗುರುತು ಹಿಡಿಯುವುದು ಹೇಗೆ? ಗದ್ದೆಯಿಂದ. ಕಡುಹಸಿರಿನ ನಡುವೆ ಬಳುಕಿಕೊಂಡು ಹೋಗುವ ತಿಳಿ ಬಣ್ಣದ ಪಟ್ಟಿ ಕಂಡರೆ ಅದು ಎರಡು ಗುಡ್ಡದ ನಡುವಿನ ಗದ್ದೆ ಬಯಲು. ಸೆಪ್ಟೆಂಬರ್, ಅಕ್ಟೋಬರಿನಲ್ಲಿ ಅದು ಎಳೆ ಹಸಿರು. ಸುಗ್ಗಿ ಹಬ್ಬವಾದ ಹುತ್ತರಿ ಹೊತ್ತಿಗೆ ಹಳದಿ. ಬೇಸಿಗೆಯಲ್ಲಿ ಕಂದು. ಇದರ ಜೊತೆಗೆ ನೀರು. ಹಾರಂಗಿಯ ಹಿನ್ನೀರು ಬೆರಳು ಬೆರಳಾಗಿ ಗುಡ್ಡಗಳ ಸಂದಿಗೆ ನುಗ್ಗಿರುತ್ತದೆ. ಕಾವೇರಿ ಮಾತ್ರ ಸಿದ್ದಾಪುರದ ಕಡೆ ಮರಗಳ ಮರೆಯಲ್ಲಿ ಅಲ್ಲಲ್ಲಿ ಮಿಂಚಿ ಮಾಯವಾಗುತ್ತದೆ.

ಎಲ್ಲಕ್ಕಿಂತ ದೊಡ್ಡ ನೋಟ ಇರುವುದು ಕೊನೆಯಲ್ಲಿ. ಪಶ್ಚಿಮ ಘಟ್ಟಕ್ಕೆ ಎರಡು ಕಡೆ ಎರಡು ಬಗೆಯ ಇಳಿಜಾರು. ಮೈಸೂರಿನ ಕಡೆಯಿಂದ ನೆಲ ನಿಧಾನವಾಗಿ ಏರುತ್ತಾ ಬರುತ್ತದೆ, ಏರಿದ್ದೇ ಗೊತ್ತಾಗುವುದಿಲ್ಲ. ಪಶ್ಚಿಮದ ಕಡೆ ಒಮ್ಮೆಲೇ ಕುಸಿಯುತ್ತದೆ. 1,748 ಮೀಟರ್ ಎತ್ತರದ ತಡಿಯಂಡಮೋಳ್ ಇರುವುದು ಆ ಅಂಚಿನಲ್ಲೇ. ಬೆಂಗಳೂರಿನಿಂದ ಬರುವಾಗ ಅಲ್ಲಿಯವರೆಗೆ ಚಪ್ಪಟೆಯಾಗಿ ಕಂಡ ಭೂಮಿ ಮಡಿಕೆ ಮಡಿಕೆಯಾಗಿ ಕೇರಳದ ಕಡೆ ಬಿದ್ದುಬಿಡುತ್ತದೆ. ಆ ಹೊತ್ತಿಗೆ ವಿಮಾನವೂ ಇಳಿಯಲು ಶುರುಮಾಡಿರುತ್ತದೆ. ಹಾಗಾಗಿ ಮಡಿಕೆಗಳು ಇನ್ನೂ ಹತ್ತಿರ.

ರೆಕ್ಕೆ ಎಲ್ಲಿದೆ ನೋಡಿಕೊಳ್ಳಿ

ಕಡೆ ಗೊತ್ತಾಯಿತು. ಈಗ ಸಾಲು. ಏರ್‌ಬಸ್, ಬೋಯಿಂಗ್ ಜೆಟ್‌ಗಳಲ್ಲಿ ರೆಕ್ಕೆ ಕಿಟಕಿಗಿಂತ ಕೆಳಗೆ ಇರುತ್ತದೆ. 180 ಸೀಟಿನ ಏರ್‌ಬಸ್ 320ರಲ್ಲಿ ಹೆಚ್ಚುಕಡಿಮೆ 10ರಿಂದ 20ನೇ ಸಾಲಿನವರೆಗೆ ಕೆಳಗೆ ನೋಡಿದರೆ ರೆಕ್ಕೆಯೇ. ಅದಕ್ಕಿಂತ ಮುಂದೆ ಸಿಕ್ಕರೆ ಒಳ್ಳೆಯದು. ತೀರಾ ಹಿಂದೆಯೂ ಆಗುತ್ತದೆ. ಆದರೆ ಎಂಜಿನ್ನಿನಿಂದ ಬರುವ ಬಿಸಿ ಗಾಳಿ ಹಿಂದಕ್ಕೆ ಹರಿಯುತ್ತದೆ. ಬೇಸಿಗೆಯ ಡಾಂಬರು ರಸ್ತೆಯ ಮೇಲೆ ಗಾಳಿ ನಡುಗುತ್ತದಲ್ಲ, ಅದೇ ನಡುಕ ಇಲ್ಲೂ ಇದೆ. ಕಣ್ಣಿಗೆ ಅಷ್ಟು ತೊಂದರೆ ಇಲ್ಲ, ಫೋಟೊ ಮಸುಕಾಗುತ್ತದೆ.

ಎಟಿಆರ್‌ನಲ್ಲಿ ಇದು ತಿರುಗುಮುರುಗು. ಅದರ ರೆಕ್ಕೆ ಇರುವುದು ತಲೆಯ ಮೇಲೆ. ಕೆಳಗಿನ ನೆಲ ನೋಡಲು ಅಡ್ಡಿಯೇ ಇಲ್ಲ. ಅದು ಜೆಟ್‌ಗಿಂತ ಕೆಳಗೆ, ನಿಧಾನವಾಗಿ ಹಾರುತ್ತದೆ ಕೂಡ. ನೆಲ ನೋಡುವ ಆಸೆ ಇರುವವರಿಗೆ ಇದಕ್ಕಿಂತ ಒಳ್ಳೆಯ ವಿಮಾನ ಇಲ್ಲ ಅಂತ ನನ್ನ ಅನಿಸಿಕೆ. ಸದ್ದು ಜಾಸ್ತಿ, ಕುಲುಕಾಟ ಸ್ವಲ್ಪ ಜಾಸ್ತಿ, ಅದನ್ನು ತಡೆದುಕೊಳ್ಳಬೇಕು. ಮುಂದಿನ ಭಾಗದಲ್ಲಿ ಕೂತರೆ ಪಕ್ಕದಲ್ಲೇ ತಿರುಗುವ ಪಂಖ, ಕಿವಿಗೂ ಕಷ್ಟ. ಇದರಲ್ಲಿ ಹಿಂದಿನ ಸಾಲು ಹಿಡಿಯಿರಿ. ಹತ್ತುವ ಇಳಿಯುವ ಬಾಗಿಲೂ ಹಿಂದೆಯೇ ಇರುತ್ತದೆ. ಚಿಕ್ಕ ರನ್‌ವೇ ಸಾಕಾಗುವುದರಿಂದ ಮೈಸೂರಿನ ಮಂಡಕಳ್ಳಿಯಂಥ ನಿಲ್ದಾಣಕ್ಕೆ ಬರುವುದೂ ಈ ವಿಮಾನವೇ. ಯಾವ ವಿಮಾನ ಅನ್ನುವುದು ಟಿಕೆಟ್ ಮಾಡುವಾಗ ಹಾರಾಟದ ನಂಬರಿನ ಹತ್ತಿರವೇ ಬರೆದಿರುತ್ತದೆ.

ಕಿಟಕಿ ಇಲ್ಲದ ಕಿಟಕಿ ಸೀಟು

ದುಡ್ಡು ಕೊಟ್ಟು ಕಿಟಕಿ ಸೀಟು ಹಿಡಿದು, ಹೋಗಿ ನೋಡಿದರೆ ಪಕ್ಕದಲ್ಲಿ ಬರೀ ಗೋಡೆ! ಇದು ನಿಜವಾಗಿಯೂ ಆಗುತ್ತದೆ. ಕಾರಣ ಇಷ್ಟೇ. ವಿಮಾನದ ಮೈಗೆ ಒಳಗೆ ಪಕ್ಕೆಲುಬಿನ ಹಾಗೆ ಲೋಹದ ಬಳೆಗಳಿರುತ್ತವೆ. ಏರ್‌ಬಸ್ 320ರಲ್ಲಿ ಒಂದರಿಂದ ಇನ್ನೊಂದಕ್ಕೆ 21 ಇಂಚು. ಕಿಟಕಿ ಕೊರೆಯುವುದು ಅವುಗಳ ನಡುವೆ ಮಾತ್ರ. ಸೀಟಿನ ಸಾಲುಗಳ ನಡುವಿನ ಅಂತರ ಬೇರೆ, ಸಾಮಾನ್ಯವಾಗಿ 28ರಿಂದ 30 ಇಂಚು. ಅದನ್ನು ವಿಮಾನ ಕಂಪನಿ ತನಗೆ ಬೇಕಾದ ಹಾಗೆ ಇಟ್ಟುಕೊಳ್ಳುತ್ತದೆ. ಎರಡೂ ಹೊಂದುವುದಿಲ್ಲ. ಒಂದು ಸಾಲಿಗೆ ಕಿಟಕಿ ಸರಿಯಾಗಿ ಮುಖದ ಪಕ್ಕ ಬಂದರೆ, ಇನ್ನೊಂದಕ್ಕೆ ಭುಜದ ಹಿಂದೆ. ಬೋಯಿಂಗ್ 737ರಲ್ಲಿ ಇನ್ನೊಂದು ತಾಪತ್ರಯ: ರೆಕ್ಕೆಗೆ ಸ್ವಲ್ಪ ಮುಂದೆ ಎಸಿ ಗಾಳಿಯ ಕೊಳವೆ ಗೋಡೆಯೊಳಗೆ ಮೇಲಕ್ಕೆ ಹೋಗುತ್ತದೆ. ಆ ಜಾಗದಲ್ಲಿ ಕಿಟಕಿಯನ್ನೇ ಇಟ್ಟಿಲ್ಲ.

ಇನ್ನು ಕಿಟಕಿಯ ಗಾಜಿನ ಕೆಳಭಾಗದಲ್ಲಿ ಒಂದು ಸಣ್ಣ ತೂತು ಕಂಡು ಗಾಬರಿಯಾಗುವವರಿದ್ದಾರೆ. ಗಾಜು ಒಡೆದಿರುವುದಲ್ಲ ಅದು. ಕಿಟಕಿಗೆ ಒಂದರ ಹಿಂದೆ ಒಂದು ಪದರ ಇರುತ್ತದೆ. ಒಳಗಿನ ಗಾಳಿಯ ಒತ್ತಡ ಹೊರಗಿನ ಗಟ್ಟಿ ಪದರದ ಮೇಲೆ ಬೀಳಲಿ, ನಡುವೆ ತೇವ ಕಟ್ಟದಿರಲಿ ಅಂತ ಬೇಕೆಂದೇ ಮಾಡಿದ ತೂತು.

ಬಿಸಿಲು, ಮೋಡ, ಮಂಜು

ಸೂರ್ಯ ಇರುವ ಕಡೆ ಕೂತರೆ ಕಣ್ಣು ಕುಕ್ಕುತ್ತದೆ, ಗಾಜಿನ ಮೇಲಿನ ಗೀರೆಲ್ಲ ಹೊಳೆಯುತ್ತದೆ, ಬೆಟ್ಟ ಕಪ್ಪಗೆ ಕಾಣುತ್ತದೆ. ಸೂರ್ಯ ಬೆನ್ನ ಹಿಂದಿದ್ದರೆ ಬಣ್ಣ ಚೆನ್ನ. ಬೆಳಿಗ್ಗೆ ಬೆಂಗಳೂರಿನಿಂದ ಕಣ್ಣೂರಿಗೆ ಹೋಗುವಾಗ ಸೂರ್ಯ ಹಿಂದೆ, ಸ್ವಲ್ಪ ಎಡಕ್ಕೆ ಇರುತ್ತಾನೆ. ಬಲ ಕಿಟಕಿಗೆ ಇದು ಇನ್ನೊಂದು ಲಾಭ. ನವೆಂಬರಿನಿಂದ ಜನವರಿವರೆಗೆ ಸೂರ್ಯ ದಕ್ಷಿಣಕ್ಕೆ ವಾಲಿರುವುದರಿಂದ ಮಂಗಳೂರಿನ ದಾರಿಯಲ್ಲಿ ಎಡದವರು ಮಧ್ಯಾಹ್ನದಲ್ಲೂ ಪರದೆ ಇಳಿಸಬೇಕಾಗುತ್ತದೆ.

ಮಳೆಗಾಲದಲ್ಲಿ ಕೊಡಗನ್ನು ನೋಡುವ ಆಸೆ ಬಿಟ್ಟುಬಿಡಿ. ಅರಬ್ಬಿ ಸಮುದ್ರದ ತೇವದ ಗಾಳಿ ಘಟ್ಟಕ್ಕೆ ಬಡಿದು ಮೇಲೇರಿ ಅಲ್ಲೇ ಮೋಡವಾಗುತ್ತದೆ. ಪಿರಿಯಾಪಟ್ಟಣದವರೆಗೆ ನೆಲ ಕಾಣುತ್ತಿದ್ದು, ಭಾಗಮಂಡಲದ ಕಡೆ ಬರೀ ಬಿಳಿ. ಆದರೆ ಆಗ ಬೇರೆಯದೊಂದು ನೋಡಬಹುದು. ಸೂರ್ಯನಿಗೆ ಎದುರು ಕಡೆಯ ಕಿಟಕಿಯಿಂದ ಕೆಳಗಿನ ಮೋಡದ ಮೇಲೆ ವಿಮಾನದ ನೆರಳು ಬಿದ್ದಿರುತ್ತದೆ. ಅದರ ಸುತ್ತ ಬಣ್ಣದ ಉಂಗುರ. ಮೋಡದ ಸಣ್ಣ ಹನಿಗಳು ಬೆಳಕನ್ನು ಬಂದ ದಾರಿಯಲ್ಲೇ ಹಿಂದಕ್ಕೆ ಕಳಿಸುವುದರಿಂದ ಹೀಗಾಗುತ್ತದೆ.

ಮಳೆ ನಿಂತ ಮೇಲಿನ ದಿನಗಳು, ಅಂದರೆ ಅಕ್ಟೋಬರ್ ಕೊನೆಯಿಂದ ಜನವರಿ, ಎಲ್ಲಕ್ಕಿಂತ ಚೆನ್ನ. ಧೂಳು ತೊಳೆದುಹೋಗಿರುತ್ತದೆ. ಬೆಳಿಗ್ಗೆ ಮಂಜು ಕಣಿವೆಯಲ್ಲಿ ತುಂಬಿಕೊಂಡು ಗುಡ್ಡದ ತಲೆ ಮಾತ್ರ ಹೊರಗೆ ಇರುತ್ತದೆ. ಹಾಗಂತ ಅತಿ ಬೆಳಗಿನ ವಿಮಾನ ಹಿಡಿಯಬೇಡಿ. ಅದೇ ತಿಂಗಳುಗಳಲ್ಲಿ ಬೆಂಗಳೂರು ನಿಲ್ದಾಣದಲ್ಲೂ ಮಂಜು ಕವಿದು ವಿಮಾನ ತಡವಾಗುತ್ತದೆ. ಒಂಬತ್ತು, ಹತ್ತು ಗಂಟೆಯದು ವಾಸಿ. ಮಧ್ಯಾಹ್ನದ ಮೇಲೆ ನೆಲ ಕಾದು ಹತ್ತಿಯಂಥ ಮೋಡ ಏಳುತ್ತದೆ. ಫೆಬ್ರವರಿಯಿಂದ ಏಪ್ರಿಲ್ ಧೂಳು, ಹೊಗೆ.

ಏರುವಾಗ, ಇಳಿಯುವಾಗ

ವಿಮಾನ ಗಾಳಿಗೆ ಎದುರಾಗಿ ಏರುತ್ತದೆ, ಎದುರಾಗಿಯೇ ಇಳಿಯುತ್ತದೆ. ಎದುರು ಗಾಳಿ ಇದ್ದರೆ ಕಡಿಮೆ ಓಟದಲ್ಲಿ ರೆಕ್ಕೆ ಎತ್ತುತ್ತದೆ. ಅದಕ್ಕೇ ಒಂದೇ ರನ್‌ವೇಗೆ ಎರಡು ಹೆಸರು, ಎರಡು ತುದಿಗೆ ಎರಡು ಅಂಕೆ. ಅಂಕೆಯ ಕೊನೆಗೆ ಒಂದು ಸೊನ್ನೆ ಸೇರಿಸಿದರೆ ದಿಕ್ಸೂಚಿಯ ಡಿಗ್ರಿ ಸಿಗುತ್ತದೆ. ಬೆಂಗಳೂರಿನದು 09 ಮತ್ತು 27, ಅಂದರೆ ಪೂರ್ವ ಮತ್ತು ಪಶ್ಚಿಮ. ಪಶ್ಚಿಮಕ್ಕೆ ಏರಿದರೆ ನಂದಿ ಬೆಟ್ಟ ಬಲಕ್ಕೆ, ಪೂರ್ವಕ್ಕೆ ಏರಿದರೆ ಎಡಕ್ಕೆ.

ಕಣ್ಣೂರಿನದು 07 ಮತ್ತು 25. ಮಳೆಗಾಲದಲ್ಲಿ, ಮಧ್ಯಾಹ್ನದ ಕಡಲ ಗಾಳಿಯಲ್ಲಿ ಗಾಳಿ ಬರುವುದು ಪಶ್ಚಿಮದಿಂದ. ಆಗ ವಿಮಾನ ಘಟ್ಟದ ಕಡೆಯಿಂದ ಬಂದು ಸಮುದ್ರದ ಕಡೆ ಮುಖ ಮಾಡಿ ಇಳಿಯುತ್ತದೆ. ಬೆಟ್ಟ ಸಾಕಷ್ಟು ನೋಡಬಹುದು, ಸಮುದ್ರ ದೂರದಲ್ಲಿ ಮಾತ್ರ. ಗಾಳಿ ತಿರುಗಿದ್ದರೆ ನಿಲ್ದಾಣ ದಾಟಿ ಸಮುದ್ರದ ಕಡೆ ಹೋಗಿ, ಸುತ್ತು ಹೊಡೆದು ಬರುತ್ತದೆ. ಆಗ ಕರಾವಳಿಯೂ ಸಿಗುತ್ತದೆ. ತಿರುಗುವಾಗ ವಿಮಾನ ಒಂದು ಕಡೆ ವಾಲುತ್ತದೆ. ಎಡಕ್ಕೆ ತಿರುಗಿದರೆ ಎಡದವರಿಗೆ ನೆಲ, ಬಲದವರಿಗೆ ಬರೀ ಆಕಾಶ. ಯಾವ ಕಡೆಗೆ ತಿರುಗುತ್ತದೆ ಅನ್ನುವುದು ಟಿಕೆಟ್ ಮಾಡುವಾಗ ಗೊತ್ತಾಗುವ ವಿಷಯವಲ್ಲ. ಇದೊಂದನ್ನು ಗಾಳಿಗೆ ಬಿಟ್ಟುಬಿಡಬೇಕು.

ಮಿಲಿಟ್ರಿ ಮನೆಗಳವರಿಗೆ

ಕೊಡಗಿನ ಎಷ್ಟೋ ಮನೆಗಳಿಂದ ಒಬ್ಬರಾದರೂ ಸೈನ್ಯದಲ್ಲಿ ಇರುತ್ತಾರೆ. ಅವರನ್ನು ನೋಡಲು ಸಿಲಿಗುರಿ, ಸಿಕ್ಕಿಂ ಕಡೆ ಹೋಗುವವರು ದೆಹಲಿಯಿಂದ ಬಾಗ್ಡೋಗ್ರಾಕ್ಕೆ ಹಾರುತ್ತಾರೆ. ಇಲ್ಲಿಯೂ ಅದೇ ಗೆರೆ. ವಿಮಾನ ಪೂರ್ವಕ್ಕೆ ಹೋಗುತ್ತದೆ, ಹಿಮಾಲಯ ಉತ್ತರಕ್ಕಿದೆ, ಅಂದರೆ ಎಡಕ್ಕೆ. ಎ ಹಿಡಿಯಿರಿ. ಆಕಾಶ ಶುಭ್ರವಾಗಿದ್ದರೆ ಎವರೆಸ್ಟ್, ಆಮೇಲೆ 8,586 ಮೀಟರಿನ ಕಾಂಚನಜುಂಗಾ ಕಾಣುತ್ತದೆ. ನೂರು ಕಿ.ಮೀ.ಗಿಂತ ದೂರ ಇದ್ದರೂ ಅವು ಕಾಲಕೆಳಗೆ ಕಾಣುವುದಿಲ್ಲ, ಹೆಚ್ಚುಕಡಿಮೆ ಕಣ್ಣಿನ ಮಟ್ಟದಲ್ಲೇ ನಿಂತಿರುತ್ತವೆ. ಬರುವಾಗ ಎಫ್. ಬಾಗ್ಡೋಗ್ರಾ ವಾಯುಪಡೆಯ ನೆಲೆ. ಅಂಥ ಕಡೆ ನೆಲದ ಮೇಲೆ ಇರುವಾಗ, ಏರಿಳಿಯುವಾಗ ಫೋಟೊ ತೆಗೆಯುವ ಹಾಗಿಲ್ಲ. ಸಿಬ್ಬಂದಿ ಹೇಳುತ್ತಾರೆ, ಕೇಳಬೇಕು.

ಸೀಟು ಹಿಡಿಯುವ ದಾರಿ

ಸೀಟಿಗೆ ಹೆಚ್ಚಿನ ದುಡ್ಡು ಕೊಡುವುದು ಬಿಡುವುದು ನಿಮಗೆ ಬಿಟ್ಟದ್ದು. ಕೊಡುವುದಾದರೆ ಹಗಲಿನ ವಿಮಾನಕ್ಕೆ, ಒಳ್ಳೆಯ ಕಾಲದಲ್ಲಿ ಕೊಡಿ. ರಾತ್ರಿ ವಿಮಾನಕ್ಕೆ, ಜುಲೈ ತಿಂಗಳಿಗೆ ದಂಡ. ಕೊಡದಿದ್ದರೆ ವೆಬ್ ಚೆಕ್-ಇನ್ ತೆರೆದ ಕೂಡಲೇ ನೋಡಿ, ಉಳಿದ ಸೀಟುಗಳಲ್ಲಿ ಹಿಂದಿನ ಸಾಲಿನ ಕಿಟಕಿ ಕಡಿಮೆ ದುಡ್ಡಿಗೆ ಸಿಗುವುದುಂಟು. ಎಟಿಆರ್ ಆದರೆ ಬೇಕಾದದ್ದೂ ಅದೇ.

ಹೊರಡುವ ಮೊದಲು ಫೋನಿನಲ್ಲಿ ಆ ದಾರಿಯ ಭೂಪಟವನ್ನು ಇಳಿಸಿಕೊಂಡಿರಿ. ಫ್ಲೈಟ್ ಮೋಡ್‌ನಲ್ಲಿ ಇಂಟರ್ನೆಟ್ ಇರುವುದಿಲ್ಲ, ಆದರೆ ಬಹುತೇಕ ಫೋನುಗಳಲ್ಲಿ ಜಿಪಿಎಸ್ ನಡೆಯುತ್ತದೆ. ಅದು ಉಪಗ್ರಹದ ಸಂಕೇತವನ್ನು ಬರೀ ಕೇಳಿಸಿಕೊಳ್ಳುತ್ತದೆ, ಏನನ್ನೂ ಕಳಿಸುವುದಿಲ್ಲ. ಫೋನನ್ನು ಕಿಟಕಿಯ ಹತ್ತಿರ ಹಿಡಿದರೆ ಸ್ವಲ್ಪ ಹೊತ್ತಿಗೆ ನೀಲಿ ಚುಕ್ಕೆ ಬರುತ್ತದೆ. ಕೆಳಗೆ ಕಾಣುವ ಕೆರೆ ಯಾವ ಊರಿನದು, ಆ ಗುಡ್ಡದ ಹೆಸರೇನು ಅಂತ ಪಕ್ಕದವರನ್ನು ಕೇಳಬೇಕಾಗಿಲ್ಲ.